ಅರಸನ ಅಡುಗೆಮನೆ

 

ಪಟ್ಟವಾಗಿ 8 ವರ್ಷಕ್ಕೆ ಸಾಮ್ರಾಟ ಅಶೋಕ ಕಳಿಂಗವನ್ನು ಗೆದ್ದ. ಯುದ್ಧದಲ್ಲಿ 1 ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ನಾಡು ಬಿಟ್ಟರು. ಈ ಲೆಕ್ಕವನ್ನು ಕಲ್ಲಿನಲ್ಲಿ ಕೊರೆಸಿದವನು ಗೆದ್ದ ಅರಸನೇ, ಪಶ್ಚಾತ್ತಾಪಪಟ್ಟು.

ಮುಂದೆ ಅವನು ಅಹಿಂಸೆಯನ್ನು ತನ್ನ ಅಡುಗೆಮನೆಗೂ ತಂದ. ಅಲ್ಲಿ ಸಾರಿಗಾಗಿ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವೆಂದು ಅವನ ಶಾಸನವೇ ಹೇಳುತ್ತದೆ. ಅದು ಮೂರಕ್ಕೆ ಇಳಿಯಿತು: ಎರಡು ನವಿಲು, ಒಂದು ಜಿಂಕೆ. ಜಿಂಕೆಯೂ ದಿನನಿತ್ಯವಲ್ಲ. ಇನ್ನು ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲವೆಂದು ಬರೆಸಿದ. ಆಗಲೇ ಎಲ್ಲ ಬಿಟ್ಟಾಯಿತೆಂದು ಕೊಚ್ಚಿಕೊಳ್ಳಬಹುದಿತ್ತು, ಕೇಳುವವರು ಯಾರಿದ್ದರು? ಆದರೂ ಉಳಿದದ್ದನ್ನು ಮುಚ್ಚಿಡಲಿಲ್ಲ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲೂ ಇದೇ ಪ್ರಾಮಾಣಿಕತೆ ಕಾಣುತ್ತದೆ. ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಒಂದು ವರ್ಷ ತಾನು ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಬಳಿ ಹೋದ ಮೇಲೆ ಚೆನ್ನಾಗಿ ಶ್ರಮಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಜನರಿಗೆ ಪಾಠ: ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯ ನುಡಿಯುವುದು. ಇದು ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಾಧ್ಯವೆಂದು ಧೈರ್ಯ ತುಂಬುತ್ತಾನೆ.

ತರಗತಿಯಲ್ಲಿ ಅಹಿಂಸೆಯ ಪಾಠ ಮಾಡಿ, ಮರುಗಳಿಗೆಯೇ ಮಕ್ಕಳ ಮೇಲೆ ಸಿಡುಕುವ ನನ್ನಂಥವರು ಈ ಬಂಡೆಗಳ ಮುಂದೆ ನಿಲ್ಲಬೇಕು. ನಮ್ಮ ಮನೆಯಲ್ಲಿ ಇನ್ನೂ ಉಳಿದಿರುವ ಆ ಮೂರು ಯಾವುವು? ಸಿಟ್ಟೋ, ಚುಚ್ಚುಮಾತೋ, ಎತ್ತಿದ ಕೈಯೋ? ಇಂದು ಅವುಗಳಲ್ಲಿ ಒಂದನ್ನಾದರೂ ಮನೆಯವರ ಎದುರು ಒಪ್ಪಿಕೊಳ್ಳೋಣ. ನಾಳೆ ಬಿಡುವುದು ಸುಲಭವಾದೀತು.

ಎಲ್ಲರಿಗೂ ಮಂಗಳವಾಗಲಿ.