ಮ್ಯಾಥ್ಯೂ ಓರ್ಫಿಲಾ (1787-1853)

ಆಧುನಿಕ ವಿಷಶಾಸ್ತ್ರಕ್ಕೆ ಬುನಾದಿ ಹಾಕಿದ ವಿಜ್ಞಾನಿಗಳಲ್ಲಿ ಮ್ಯಾಥ್ಯೂ ಓರ್ಫಿಲಾ ಅಗ್ರಗಣ್ಯರು. ಮೃತದೇಹದಲ್ಲಿ ಕಂಡುಬರುವ ಬದಲಾವಣೆಗಳಿಂದ ಸಾವಿನ ಕಾಲವನ್ನು ಅಂದಾಜಿಸಬಹುದೇ ಎಂಬುದನ್ನು ಪ್ರಯೋಗಗಳ ಮೂಲಕ ಪರಿಶೀಲಿಸಿದ ಆರಂಭಿಕರಲ್ಲಿ ಇವರೂ ಒಬ್ಬರು.

ಜನನ ಮತ್ತು ವಿದ್ಯಾಭ್ಯಾಸ

ಸ್ಪೇನ್ ದೇಶದ ಮಿನೋರ್ಕಾ ದ್ವೀಪದ ಮಹೋನ್ ಪಟ್ಟಣದಲ್ಲಿ 1787ರ ಏಪ್ರಿಲ್ 24ರಂದು ಜನಿಸಿದರು. ವೆಲೆನ್ಸಿಯಾ ಮತ್ತು ಬಾರ್ಸಿಲೋನಾಗಳಲ್ಲಿ ಅಭ್ಯಾಸ ಮಾಡಿ, 1807ರಲ್ಲಿ ಪ್ಯಾರಿಸ್‌ಗೆ ತೆರಳಿದರು. ಯುದ್ಧದ ಕಾರಣ ತಾಯ್ನಾಡಿನ ಧನಸಹಾಯ ನಿಂತುಹೋದರೂ ಎದೆಗುಂದದೆ 1811ರಲ್ಲಿ ವೈದ್ಯ ಪದವಿ ಗಳಿಸಿದರು.

ಸಾಧನೆ

1814ರಲ್ಲಿ ವಿಷಗಳನ್ನು ಕುರಿತ ಇವರ ಬೃಹತ್ ಗ್ರಂಥದ ಪ್ರಕಟಣೆ ಆರಂಭವಾಯಿತು. 1819ರಲ್ಲಿ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. 1831ರಿಂದ 1848ರವರೆಗೆ ಪ್ಯಾರಿಸ್ ವೈದ್ಯಕೀಯ ವಿಭಾಗದ ಡೀನ್ ಆಗಿ ಸೇವೆ ಸಲ್ಲಿಸಿದರು.

ಹೂತ ಶವಗಳನ್ನು ನ್ಯಾಯಾಲಯದ ಅಗತ್ಯಕ್ಕಾಗಿ ಹೊರತೆಗೆದು ಪರೀಕ್ಷಿಸುವ ಕುರಿತು ಲೆಸ್ಯೂರ್ ಅವರೊಡನೆ ರಚಿಸಿದ ಗ್ರಂಥವು 1831ರಲ್ಲಿ ಹೊರಬಂದಿತು. ಮಣ್ಣು, ನೀರು ಮೊದಲಾದ ಭಿನ್ನ ಪರಿಸರಗಳಲ್ಲಿ ದೇಹವು ಕೊಳೆಯುವ ಕ್ರಮವನ್ನು ಇದರಲ್ಲಿ ಹೋಲಿಸಲಾಗಿದೆ. ಪರಿಸರ ಬದಲಾದಂತೆ ಕೊಳೆಯುವ ವೇಗವೂ ಬದಲಾಗುವುದರಿಂದ, ಶವದ ಸ್ಥಿತಿಯೊಂದನ್ನೇ ನೋಡಿ ಸಾವಿನ ದಿನವನ್ನು ನಿಖರವಾಗಿ ಹೇಳಲಾಗದೆಂಬುದು ಇದರಿಂದ ಸ್ಪಷ್ಟವಾಯಿತು. ಅಂದಾಜು ತಪ್ಪಿದರೆ ನಿರಪರಾಧಿ ಶಿಕ್ಷೆಗೊಳಗಾಗುವ, ಅಪರಾಧಿ ಪಾರಾಗುವ ಅಪಾಯವಿರುವುದರಿಂದ ಈ ಎಚ್ಚರಿಕೆಗೆ ಮಹತ್ವವಿದೆ.

ಲಫಾರ್ಜ್ ಪ್ರಕರಣ

ಪತಿಗೆ ಪಾಷಾಣ ಉಣಿಸಿದ ಆರೋಪ ಹೊತ್ತ ಮರೀ ಲಫಾರ್ಜ್ ಎಂಬಾಕೆಯ ವಿಚಾರಣೆ 1840ರಲ್ಲಿ ಟ್ಯೂಲ್ ಪಟ್ಟಣದಲ್ಲಿ ನಡೆಯಿತು. ಸ್ಥಳೀಯ ತಜ್ಞರ ವರದಿಗಳು ಪರಸ್ಪರ ವಿರುದ್ಧವಾಗಿದ್ದವು. ಪ್ಯಾರಿಸ್‌ನಿಂದ ಬಂದ ಓರ್ಫಿಲಾ ಅವರು ಮಾರ್ಷ್ ಪರೀಕ್ಷೆಯಿಂದ ಶವದ ಅಂಗಾಂಶಗಳಲ್ಲಿ ಪಾಷಾಣವನ್ನು ಪತ್ತೆ ಮಾಡಿದರು. ಅದು ಸಮಾಧಿಯ ಮಣ್ಣಿನಿಂದ ಬಂದುದಲ್ಲವೆಂದೂ ಪರೀಕ್ಷಿಸಿ ತಿಳಿಸಿದರು. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ರಸ್ಪೈ ಮೊದಲಾದ ವಿಜ್ಞಾನಿಗಳು ಈ ನಿರ್ಣಯವನ್ನು ವಿರೋಧಿಸಿದರು.

ಇಂದಿನ ಪ್ರಸ್ತುತತೆ

ಓರ್ಫಿಲಾ ಅವರು 1853ರ ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ ನಿಧನರಾದರು. ಅವರು ಕಣ್ಣಿನಿಂದ ಗುರುತಿಸಿದ ಬದಲಾವಣೆಗಳನ್ನು ಇಂದಿನ ತಜ್ಞರು ಅಣುಗಳ ಮಟ್ಟದಲ್ಲಿ ಅಳೆಯುತ್ತಾರೆ. ಸಾವಿನ ನಂತರ ಸ್ನಾಯುಗಳಲ್ಲಿನ ಪ್ರೋಟೀನುಗಳನ್ನು ಕಿಣ್ವಗಳು ಹಂತಹಂತವಾಗಿ ಒಡೆಯುತ್ತವೆ; ಕಣ್ಣುಗುಡ್ಡೆಯೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಏರುತ್ತಾ ಹೋಗುತ್ತದೆ. ಇವುಗಳ ಪ್ರಮಾಣದಿಂದ ಸಾವಿನ ಅವಧಿಯನ್ನು ಅಂದಾಜಿಸಲಾಗುತ್ತದೆ. ಆದರೆ ಉಷ್ಣಾಂಶ ಹೆಚ್ಚಿದಂತೆ ಈ ಕ್ರಿಯೆಗಳೂ ತ್ವರಿತಗೊಳ್ಳುತ್ತವೆ. ಆದ್ದರಿಂದ ಶವದೊಡನೆ ಅದು ಇದ್ದ ಪರಿಸರವನ್ನೂ ಪರಿಶೀಲಿಸಬೇಕೆಂಬ ಓರ್ಫಿಲಾ ಅವರ ಕ್ರಮವು ಇಂದಿಗೂ ಅನುಸರಣೀಯವಾಗಿದೆ.