ಮದ್ದು ಬದಲಿಸಿದ ಕವಿ

ಅಮೆರಿಕದ ಹೆಸರಾಂತ ಕವಿ ರಾಬರ್ಟ್ ಲೋವೆಲ್ 1917ರ ಮಾರ್ಚ್ 1ರಂದು ಬಾಸ್ಟನ್ ನಗರದ ಪ್ರತಿಷ್ಠಿತ ಮನೆತನದಲ್ಲಿ ಜನಿಸಿದರು. 30ರ ಹರೆಯದಲ್ಲೇ, 1947ರಲ್ಲಿ, ಪುಲಿಟ್ಜರ್ ಬಹುಮಾನ ಪಡೆದರು. ಆದರೆ 1949ರಲ್ಲಿ ಮಾನಸಿಕ ಆಸ್ಪತ್ರೆ ಸೇರಬೇಕಾಯಿತು. ಈಗ ಬೈಪೋಲಾರ್ ಎಂದು ಕರೆಯುವ, ಉನ್ಮಾದವೂ ಖಿನ್ನತೆಯೂ ಸರದಿಯಂತೆ ಕಾಡುವ ಕಾಯಿಲೆ ಅವರದು. ಪತ್ನಿ, ಲೇಖಕಿ ಎಲಿಜಬೆತ್ ಹಾರ್ಡ್‌ವಿಕ್ ಮನೆಯನ್ನೂ ಆಸ್ಪತ್ರೆಯ ಓಡಾಟವನ್ನೂ ವರ್ಷಗಟ್ಟಲೆ ನಿಭಾಯಿಸಿದರು.

ಮೊದಲು ವಿದ್ಯುತ್ ಚಿಕಿತ್ಸೆ, ಬಳಿಕ ಕ್ಲೋರ್‌ಪ್ರೊಮಜೀನ್. ಈ ಮದ್ದು ಉನ್ಮಾದವನ್ನು ತಗ್ಗಿಸಿತೇ ಹೊರತು ಅದು ಮತ್ತೆ ಮತ್ತೆ ಮರಳುವುದನ್ನು ತಡೆಯಲಿಲ್ಲ. 1967ರಲ್ಲಿ ವೈದ್ಯರು ಲಿಥಿಯಂ ಎಂಬ ಲವಣವನ್ನು ಆರಂಭಿಸಿದರು. ಮುಂದಿನ ಕೆಲವು ವರ್ಷ ಕವಿ ಆಸ್ಪತ್ರೆ ಸೇರದೆ ಬರೆದರು, ಪಾಠ ಹೇಳಿದರು. ಒಂದಿಷ್ಟು ಉಪ್ಪಿಲ್ಲದೆ ಅಷ್ಟೊಂದು ಸಂಕಟ ಉಣ್ಣಬೇಕಾಯಿತಲ್ಲ ಎಂದು ತಮ್ಮ ಪ್ರಕಾಶಕರಲ್ಲಿ ಹಳಹಳಿಸಿದರಂತೆ.

ಮದ್ದು ಬದಲಾದೊಡನೆ ಎಲ್ಲವೂ ನೆಟ್ಟಗಾಗಲಿಲ್ಲ. 1970ರಲ್ಲಿ ಇಂಗ್ಲೆಂಡಿನಲ್ಲಿ ಕಾಯಿಲೆ ಮರುಕಳಿಸಿತು. ಲಿಥಿಯಂ ಕಡಿಮೆಯಾದರೆ ಫಲವಿಲ್ಲ, ತುಸು ಹೆಚ್ಚಾದರೂ ವಿಷ. ಆದ್ದರಿಂದ ಆಗಾಗ ರಕ್ತಪರೀಕ್ಷೆ ಬೇಕು. 1974ರಲ್ಲಿ ಎರಡನೆಯ ಪುಲಿಟ್ಜರ್ ಪಡೆದ ಲೋವೆಲ್, 1977ರ ಸೆಪ್ಟೆಂಬರ್ 12ರಂದು ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು.

ಈ ಕಾಯಿಲೆ ನಮ್ಮ ಮನೆಗಳಿಗೂ ಹೊಸತಲ್ಲ. ನಾವು ಅದನ್ನು ನಾಚಿಕೆಯಿಂದ ಮುಚ್ಚಿಡುತ್ತೇವೆ. ಮದ್ದು ಒಗ್ಗದಿದ್ದರೆ ಹೇಳದೆ ಬಿಟ್ಟುಬಿಡುತ್ತೇವೆ, ಇಲ್ಲವೆ ಫಲ ಕೊಡದ್ದನ್ನೇ ನುಂಗುತ್ತಿರುತ್ತೇವೆ. ಎರಡೂ ಬೇಡ. ಬೇರೆ ಮದ್ದು ಆದೀತೇ ಎಂದು ವೈದ್ಯರಲ್ಲಿ ಕೇಳೋಣ. ಅವರು ಹೇಳಿದ ಕ್ರಮದಲ್ಲೇ ಬದಲಿಸೋಣ. ಲೋವೆಲ್ ಹದಿನೆಂಟು ವರ್ಷ ಕಾದರು. ನಮ್ಮವರು ಅಷ್ಟು ಕಾಯಬೇಕಾಗಿಲ್ಲ.