ರೆವರೆಂಡ್ ಕಿಟ್ಟೆಲರ ಜೀವಿತದಿಂದ ನಾವು ಕಲಿಯತಕ್ಕ ಪಾಠಗಳು

ಲೂಕನು ಬರೆದ ಸುವಾರ್ತೆಯಲ್ಲಿ ನಮ್ಮ ಕರ್ತನು ಹೇಳಿದ ಒಂದು ಚಿಕ್ಕ ಸಾಮ್ಯವುಂಟು. ಹತ್ತು ಬೆಳ್ಳಿಯ ನಾಣ್ಯಗಳುಳ್ಳ ಒಬ್ಬ ಸ್ತ್ರೀಯು ಅವುಗಳಲ್ಲಿ ಒಂದನ್ನು ಕಳೆದುಕೊಂಡು, ದೀಪ ಹಚ್ಚಿ, ಮನೆಯನ್ನು ಗುಡಿಸಿ, ಅದು ಸಿಕ್ಕುವ ತನಕ ಜಾಗ್ರತೆಯಿಂದ ಹುಡುಕಿ, ಸಿಕ್ಕಿದ ಮೇಲೆ ನೆರೆಹೊರೆಯವರನ್ನು ಕರೆದು ಸಂತೋಷಪಟ್ಟಳೆಂಬುದೇ ಆ ಸಾಮ್ಯದ ಸಾರ. ಬೇರೆ ಸಾಮ್ಯಗಳಲ್ಲಿ ಅರಸರೂ ಕುರುಬರೂ ವ್ಯಾಪಾರಿಗಳೂ ಬರುವರು. ಇಲ್ಲಿಯಾದರೋ ಪೊರಕೆ ಹಿಡಿದ ಒಬ್ಬ ಗೃಹಿಣಿಯ ಕೆಲಸದಲ್ಲಿಯೇ ದೇವರ ಪ್ರೀತಿಯು ತೋರಿಸಲ್ಪಟ್ಟಿದೆ. ನಾವು ವಿದ್ಯಾರ್ಥಿನಿಯರಾಗಿದ್ದಾಗ ಬೆಳಗಿನ ಪ್ರಾರ್ಥನೆಯಲ್ಲಿ ಈ ಸಾಮ್ಯವನ್ನು ಎಷ್ಟೋ ಸಾರಿ ಕೇಳಿದ್ದೆವು. ಆದರೆ ಒಬ್ಬ ಮನುಷ್ಯನು ತನ್ನ ಆಯುಷ್ಯವನ್ನೆಲ್ಲಾ ಹೀಗೆಯೇ ದೀಪ ಹಿಡಿದು ಹುಡುಕುವುದರಲ್ಲಿ ಕಳೆಯಬಹುದೆಂಬುದು ಕನ್ನಡ ನಿಘಂಟನ್ನು ರಚಿಸಿದ ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ಚರಿತ್ರೆಯನ್ನು ಓದಿದ ಮೇಲೆಯೇ ನಮಗೆ ತಿಳಿದುಬಂತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮಕ್ಕಳಾದ ನಮಗೆ ಆ ಜೀವಿತದಿಂದ ಕಲಿಯತಕ್ಕ ಪಾಠಗಳು ಹಲವಿರುವುದರಿಂದ ಅದನ್ನು ಈ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಕಿಟ್ಟೆಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಸಮುದ್ರತೀರಕ್ಕೆ ಸಮೀಪವಾದ ರೆಸ್ಟರ್‌ಹಾಫ ಎಂಬ ಗ್ರಾಮದಲ್ಲಿ ಹುಟ್ಟಿದರು. ತಂದೆಯು ಸಭಾಪಾಲಕರಾಗಿದ್ದುದರಿಂದ ಬಾಲ್ಯದಿಂದಲೇ ಅವರಿಗೆ ದೇವರ ವಾಕ್ಯದ ಪರಿಚಯವಿತ್ತು. 1850ರಲ್ಲಿ ಅವರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ವಿದ್ಯಾಲಯವನ್ನು ಸೇರಿದರು. ಆ ಮಿಶನಿನವರು 1834ರಲ್ಲಿಯೇ ಮಂಗಳೂರಿಗೆ ಬಂದು, ಮುಂದೆ ಧಾರವಾಡ, ಹುಬ್ಬಳ್ಳಿ ಮೊದಲಾದ ಊರುಗಳಲ್ಲಿ ನೆಲೆಸಿ ಸಭೆಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದ್ದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಅದೇ ಮಿಶನಿನವರು. ಕಿಟ್ಟೆಲರು 1853ರಲ್ಲಿ ಈ ದೇಶಕ್ಕೆ ಬಂದು ಧಾರವಾಡವನ್ನು ಸೇರಿದಾಗ ಅವರಿಗೆ ಇಪ್ಪತ್ತೊಂದೇ ವರ್ಷ ವಯಸ್ಸು.

ಹೊಸದಾಗಿ ಬಂದವರು ಭಾಷೆಯನ್ನು ಕಲಿಯತಕ್ಕದ್ದು ಮಿಶನಿನ ನಿಯಮವೇ ಆಗಿತ್ತು. ಉಪದೇಶ ಮಾಡುವಷ್ಟು ಭಾಷೆ ಬಂದರೆ ಸಾಕೆಂದು ಅನೇಕರು ಅಲ್ಲಿಗೇ ನಿಲ್ಲುತ್ತಿದ್ದರು. ಕಿಟ್ಟೆಲರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಜನರು ಏನನ್ನು ನಂಬುತ್ತಾರೆ, ಏನನ್ನು ಹಾಡುತ್ತಾರೆ, ಯಾವ ಗಾದೆಯನ್ನು ಹೇಳಿ ನಗುತ್ತಾರೆ ಎಂಬುದನ್ನು ಅರಿಯದವನು ಅವರ ಹೃದಯಕ್ಕೆ ಮುಟ್ಟುವಂತೆ ಮಾತಾಡಲಾರನೆಂಬುದು ಅವರ ಅಭಿಪ್ರಾಯವಾಗಿತ್ತು. ಈ ಕಾರಣದಿಂದ ಮಿಶನಿನ ಹಿರಿಯರಿಗೂ ಅವರಿಗೂ ಮನಸ್ತಾಪಗಳುಂಟಾದವು. ಪಾಠಶಾಲೆಯಲ್ಲಿ ಬೇರೆಯವರು ಸಾಕೆಂದು ಪುಸ್ತಕ ಮುಚ್ಚಿದ ಮೇಲೂ ಓದುತ್ತಾ ಕುಳಿತಿರುವ ಹುಡುಗಿಯನ್ನು ಉಳಿದವರು ನೋಡುವ ರೀತಿಯನ್ನು ನಾವೆಲ್ಲರೂ ಬಲ್ಲೆವಷ್ಟೆ. ಜೊತೆಯವರ ಮೆಚ್ಚಿಕೆಯಿಲ್ಲದೆ ಒಳ್ಳೆಯ ಕೆಲಸವನ್ನು ಮುಂದುವರಿಸುವುದು ಸುಲಭವಲ್ಲ. ಇದೇ ಅವರ ಜೀವಿತದಿಂದ ನಾವು ಕಲಿಯತಕ್ಕ ಮೊದಲನೆಯ ಪಾಠ.

ಅವರು ಮುಂದೆ ಮಂಗಳೂರಿನಲ್ಲಿದ್ದಾಗ 1862ರಲ್ಲಿ ಕಥಾಮಾಲೆ ಎಂಬ ಗ್ರಂಥವು ಪ್ರಕಟವಾಯಿತು. ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲು ಬರುವಂತೆ ರಚಿಸಿದ ಕಾವ್ಯವದು. ನಮ್ಮ ಸೀಮೆಯಲ್ಲಿ ಭಾರತ ರಾಮಾಯಣಗಳನ್ನು ಓದುವುದಕ್ಕಿಂತ ಹಾಡಿ ಕೇಳುವುದೇ ಹೆಚ್ಚಾಗಿದ್ದಿತು. ಆದುದರಿಂದ ಸುವಾರ್ತೆಯೂ ಪರದೇಶದ ಉಡುಪಿನಲ್ಲಿ ಬಾಗಿಲ ಹೊರಗೆ ನಿಲ್ಲದೆ ಮನೆಯವರ ಮಾತಿನಲ್ಲಿ ಒಳಗೆ ಬರಬೇಕೆಂದು ಅವರು ಬಯಸಿದರು. ಇಪ್ಪತ್ತೊಂದನೆಯ ವರ್ಷದ ತನಕ ಕನ್ನಡ ನೆಲವನ್ನು ತುಳಿಯದ ಒಬ್ಬ ಜರ್ಮನನು ಒಂಬತ್ತೇ ವರ್ಷಗಳಲ್ಲಿ ಕನ್ನಡದಲ್ಲಿ ಕಾವ್ಯವನ್ನು ಪ್ರಕಟಿಸಿದನೆಂಬುದನ್ನು ನೆನೆದರೆ, ಮಾತೃಭಾಷೆಯಲ್ಲಿ ನಾಲ್ಕು ಸಾಲು ಪತ್ರ ಬರೆಯಲು ಬೇಸರಪಡುವ ನಮಗೆ ನಾಚಿಕೆಯಾಗತಕ್ಕದ್ದೇ.

ಆದರೆ ಅದೇ ಕಾಲದಲ್ಲಿ ಅವರ ಮನೆಗೆ ದುಃಖವೂ ಬಂತು. 1860ರಲ್ಲಿ ಅವರನ್ನು ವಿವಾಹವಾಗಿದ್ದ ಪೌಲಿನಾ ಆಯ್ತ್ ಎಂಬಾಕೆಯು 1864ರಲ್ಲಿ ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. ತಾಯ್ನಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ, ಸ್ವಜನರು ಯಾರೂ ಇಲ್ಲದ ಕಡೆ, ಒಬ್ಬ ತಂದೆಯು ತಾಯಿಯಿಲ್ಲದ ಮಕ್ಕಳನ್ನು ನೋಡಿಕೊಳ್ಳುವ ಕಷ್ಟವನ್ನು ಇದನ್ನು ಓದುವ ತಾಯಂದಿರು ಊಹಿಸಿಕೊಳ್ಳಬಲ್ಲರು. ಮೂರು ವರ್ಷಗಳ ತರುವಾಯ, ಎಂದರೆ 1867ರಲ್ಲಿ, ಪೌಲಿನಾ ಅವರ ತಂಗಿಯಾದ ಯೂಲಿಯಾ ಅವರು ಕಿಟ್ಟೆಲರನ್ನು ವಿವಾಹವಾಗಿ, ಅಕ್ಕನ ಮಕ್ಕಳಿಗೆ ತಾಯಿಯಾದರು.

ಇಷ್ಟರಲ್ಲಿ ಅವರ ದೃಷ್ಟಿಯು ಹಳಗನ್ನಡದ ಗ್ರಂಥಗಳ ಕಡೆಗೆ ತಿರುಗಿತ್ತು. ಆ ಕಾಲದಲ್ಲಿ ಅವುಗಳಲ್ಲಿ ಹೆಚ್ಚಿನವು ಮಠಗಳಲ್ಲಿಯೂ ಬಸದಿಗಳಲ್ಲಿಯೂ ಪಂಡಿತರ ಮನೆಗಳಲ್ಲಿಯೂ ಓಲೆಗರಿಗಳಲ್ಲಿದ್ದು, ಹುಳುಗಳಿಗೆ ಆಹಾರವಾಗುತ್ತಿದ್ದವು. ಹದಿಮೂರನೆಯ ಶತಮಾನದ ಕೇಶಿರಾಜನು ರಚಿಸಿದ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು ಕಿಟ್ಟೆಲರು ಪರಿಷ್ಕರಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದರು. ನಾಗವರ್ಮನ ಛಂದಶ್ಶಾಸ್ತ್ರವು 1875ರಲ್ಲಿ ಹೊರಬಂತು. ಇವು ಜೈನ ಪಂಡಿತರ ಗ್ರಂಥಗಳು. ಅವರು ವೀರಶೈವರ ಗ್ರಂಥಗಳನ್ನೂ ಬ್ರಾಹ್ಮಣ ಕವಿಗಳ ಗ್ರಂಥಗಳನ್ನೂ ಅದೇ ಶ್ರದ್ಧೆಯಿಂದ ಓದಿದರು. ತಮ್ಮ ನಂಬಿಕೆಯಲ್ಲಿ ದೃಢವಾಗಿ ನಿಂತವರು ಪರರ ಗ್ರಂಥಗಳನ್ನು ಗೌರವದಿಂದ ತೆರೆಯಲು ಅಂಜಬೇಕಾಗಿಲ್ಲವೆಂಬುದು ಇದರಿಂದ ತೋರುತ್ತದೆ. ನಾನಾ ಮತಗಳ ಮಕ್ಕಳು ಒಂದೇ ಹಲಗೆಯ ಮೇಲೆ ಕೂತು ಓದುವ ಶಾಲೆಗೆ ಇದಕ್ಕಿಂತ ಒಳ್ಳೆಯ ಪಾಠವು ಯಾವುದು?

ಅವರ ಜೀವಿತದ ಮಹಾಕಾರ್ಯವು ಕನ್ನಡ ಇಂಗ್ಲಿಷ್ ನಿಘಂಟು. ಅವರಿಗಿಂತ ಮುಂಚೆ ರೀವ್ ಎಂಬ ಪಾದ್ರಿಗಳು ಒಂದು ಕನ್ನಡ ನಿಘಂಟನ್ನು ರಚಿಸಿದ್ದರು. ಆದರೆ ಅದರಲ್ಲಿ ಸೇರದೆ ಹೋದ ಮಾತುಗಳು ಅಸಂಖ್ಯಾತವಾಗಿದ್ದವು. ಕಿಟ್ಟೆಲರು ಸುಮಾರು ಎರಡು ದಶಕಗಳ ಕಾಲ ಈ ಕೆಲಸದಲ್ಲಿ ಮುಳುಗಿದ್ದರು. ಕಾವ್ಯಗಳಲ್ಲಿ ಬಂದ ಮಾತುಗಳನ್ನು ಮಾತ್ರವಲ್ಲದೆ ಜನರು ಆಡುವ ಮಾತುಗಳನ್ನೂ ಕೂಡಿಸಿದರು. ಒಂದೊಂದು ಮಾತಿಗೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿರುವ ಸಂಬಂಧವನ್ನು ತೋರಿಸಿದರು. ಅಲ್ಲಲ್ಲಿ ಗಾದೆಗಳನ್ನು ಹೆಣೆದರು. ಅದನ್ನು ತೆರೆದು ನೋಡಿದರೆ ಅರಸನ ಸಭೆಯ ಮಾತಿನ ಪಕ್ಕದಲ್ಲಿಯೇ ಅಡಿಗೆಮನೆಯ ಮಾತು, ಶಾಸ್ತ್ರದ ಮಾತಿನ ಪಕ್ಕದಲ್ಲಿಯೇ ದನದ ಕೊಟ್ಟಿಗೆಯ ಮಾತು ಸಂಕೋಚವಿಲ್ಲದೆ ಕುಳಿತಿರುವುದು ಕಾಣುತ್ತದೆ. ಅಕ್ಷರ ಕಲಿಯುವ ಅವಕಾಶವೇ ಇಲ್ಲದ ಎಷ್ಟೋ ಹೆಂಗಸರ ಬಾಯಲ್ಲಿ ಬದುಕಿದ್ದ ಮಾತುಗಳು ಹೀಗೆ ಶಾಶ್ವತವಾಗಿ ಉಳಿದವು.

ಈ ಕೆಲಸಕ್ಕೆ ತೆತ್ತ ಬೆಲೆಯನ್ನೂ ನಾವು ಹೇಳದೆ ಬಿಡಲಾಗದು. 1877ರಲ್ಲಿ ಅವರು ಕುಟುಂಬ ಸಮೇತರಾಗಿ ಜರ್ಮನಿಗೆ ಹಿಂದಿರುಗಿ ಅಲ್ಲಿಯೇ ನಿಘಂಟಿನ ಕೆಲಸವನ್ನು ಮುಂದುವರಿಸಿದರು. ಆದರೆ ಮಾತನಾಡುವ ಜನರಿಂದಲೂ ಪಂಡಿತರಿಂದಲೂ ದೂರವಾಗಿ ಕುಳಿತು ಅದನ್ನು ಮುಗಿಸಲಾಗದೆಂದು ಕಂಡು, 1883ರಲ್ಲಿ, ತಮ್ಮ ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಕನ್ನಡ ನಾಡಿಗೆ ಬಂದರು. ಅವರು ಮತ್ತೆ ಹಿಂದಿರುಗಿದ್ದು 1892ರಲ್ಲಿ. ನಡುವೆ ಕಳೆದದ್ದು ಒಂಬತ್ತು ವರ್ಷಗಳು. ಆ ಒಂಬತ್ತು ವರ್ಷ ಮನೆಯ ಭಾರವನ್ನು ಹೊತ್ತವರು ಯೂಲಿಯಾ. ಒಂಬತ್ತು ವರ್ಷಗಳಲ್ಲಿ ಒಂದು ಮಗುವು ಬೆಳೆದು ಹೆಚ್ಚು ಕಡಿಮೆ ಬೇರೆಯ ಮನುಷ್ಯನೇ ಆಗುತ್ತದೆ. ಇದು ಸರಿಯಾಯಿತೋ ತಪ್ಪಾಯಿತೋ ಎಂದು ತೀರ್ಪು ಹೇಳಲು ನಾವು ಅರ್ಹರಲ್ಲ. ನಿಘಂಟಿನ ಮುಖಪತ್ರದ ಮೇಲೆ ಯೂಲಿಯಾ ಅವರ ಹೆಸರಿಲ್ಲ. ಆದರೂ ಅದರ ಒಂದೊಂದು ಪುಟದ ಹಿಂದೆ ಆಕೆಯ ತಾಳ್ಮೆಯುಂಟು. ಪ್ರಸಿದ್ಧರ ಚರಿತ್ರೆಯನ್ನು ಓದುವಾಗ ಮನೆಯಲ್ಲಿ ದೀಪವನ್ನು ಆರದಂತೆ ಕಾಯ್ದವರನ್ನೂ ನೆನೆಯತಕ್ಕದ್ದು. ಇದು ಎರಡನೆಯ ಪಾಠ.

ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನಿನವರಿಂದ ಪ್ರಕಟವಾಯಿತು. ಸಾವಿರದ ಏಳುನೂರಕ್ಕೂ ಹೆಚ್ಚು ಪುಟಗಳು. ಸುಮಾರು 70,000 ಶಬ್ದಗಳು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಆದರೂ ಅವರು ವಿಶ್ರಮಿಸಲಿಲ್ಲ. ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣವನ್ನು ಬರೆದು 1903ರಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ, ಕ್ರಿಸ್ತಜಯಂತಿಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗೆನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಲಾಗಿ, ಮದ್ರಾಸು ವಿಶ್ವವಿದ್ಯಾಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದ ಕಿಟ್ಟೆಲ್ ಕಾಲೇಜು ಅವರ ಹೆಸರನ್ನು ಹೊತ್ತಿದೆ.

ಸುವಾರ್ತೆಯನ್ನು ಸಾರಲು ಬಂದವರು ಶಬ್ದಗಳನ್ನು ಹೆಕ್ಕುತ್ತಾ ಕುಳಿತದ್ದು ತಕ್ಕದ್ದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನು ನಾವು ಐದು ಸಾವಿರ ಜನರ ಊಟದ ವೃತ್ತಾಂತದಲ್ಲಿ ಕಾಣುತ್ತೇವೆ. ಜನರೆಲ್ಲರೂ ತೃಪ್ತರಾದ ಮೇಲೆ ಕರ್ತನು ಹುಲ್ಲಿನ ಮೇಲೆ ಬಿದ್ದಿದ್ದ ರೊಟ್ಟಿಯ ತುಂಡುಗಳನ್ನು, ಯಾವುದೂ ನಷ್ಟವಾಗಬಾರದೆಂದು, ಶಿಷ್ಯರಿಂದ ಕೂಡಿಸಿದನು. ಹನ್ನೆರಡು ಪುಟ್ಟಿಗಳು ತುಂಬಿದವು. ಐದು ರೊಟ್ಟಿಗಳಿಂದ ಅಷ್ಟು ಜನರನ್ನು ಉಣಿಸಬಲ್ಲವನಿಗೆ ತುಂಡುಗಳ ಅಗತ್ಯವೇನಿತ್ತು? ಆದರೂ ಅವನು ಅವುಗಳನ್ನು ಬಿಡಲಿಲ್ಲ. ಕಿಟ್ಟೆಲರು ಕೂಡಿಸಿದ್ದೂ ಅಂಥ ತುಂಡುಗಳನ್ನೇ.

ಇದು ನಮ್ಮ ದಿನದಿನದ ಬಾಳಿಗೆ ಹೇಗೆ ಸಂಬಂಧಿಸುತ್ತದೆಂಬುದನ್ನು ಒಂದು ಅನುಭವದಿಂದ ತಿಳಿಸುತ್ತೇವೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಹವ್ಯಕರ ಮನೆಮಾತು ಒಂದು ಬಗೆ, ನಾಮಧಾರಿಗಳದು ಇನ್ನೊಂದು ಬಗೆ, ಸಿದ್ದಿಯರ ನುಡಿ ಬೇರೆ, ಕೊಂಕಣಿಯವರದು ಬೇರೆ. ನಾವು ಓದುತ್ತಿದ್ದಾಗ ತೋಟದ ಮನೆಯಿಂದ ಹೊಸದಾಗಿ ಬಂದ ಒಬ್ಬ ಹುಡುಗಿಯು ಉಪಾಧ್ಯಾಯಿನಿಯವರ ಹತ್ತಿರ ತನಗೆ ಆಸರಾಗಿದೆ, ನೀರು ಕುಡಿದು ಬರುತ್ತೇನೆಂದು ಅಪ್ಪಣೆ ಕೇಳಿದಳು. ಬಾಯಾರಿಕೆಯೆನ್ನದೆ ಆಸರು ಎಂದುದಕ್ಕೆ ಪೇಟೆಯ ಹುಡುಗಿಯರು ನಕ್ಕರು. ನಾವೂ ನಕ್ಕೆವು. ಆಕೆಯು ನೀರು ಕುಡಿಯಲು ಹೋಗದೆ ತಲೆ ತಗ್ಗಿಸಿ ಕುಳಿತುಬಿಟ್ಟಳು; ಎಷ್ಟೋ ದಿನ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಮಾರನೆಯ ದಿನ ಉಪಾಧ್ಯಾಯಿನಿಯವರು ಕರಿಹಲಗೆಯ ಮೇಲೆ ಆ ಮಾತನ್ನೇ ಬರೆದು, ಹಳಗನ್ನಡದಲ್ಲಿ ಆಸರ್ ಎಂದರೆ ಬಳಲಿಕೆಯೆಂದೂ, ಬಳಲಿ ಬಂದ ಅತಿಥಿಗೆ ಆಸರಿಗೆ ಕೊಡುವ ನಮ್ಮ ಮನೆಗಳ ವಾಡಿಕೆಯಲ್ಲಿ ಆ ಹಳೆಯ ಮಾತು ಜೀವಂತವಾಗಿದೆಯೆಂದೂ ವಿವರಿಸಿದರು. ಇಂಥ ಮಾತುಗಳಿಗಾಗಿ ಒಬ್ಬ ಪರದೇಶಿಯು ತನ್ನ ಆಯುಷ್ಯವನ್ನು ಸವೆಸಿದ ಕಥೆಯನ್ನು ಹೇಳಿದರು. ಕಿಟ್ಟೆಲರ ಹೆಸರನ್ನು ನಾವು ಮೊದಲು ಕೇಳಿದ್ದು ಅಂದೇ.

ಚಿಕ್ಕವರಲ್ಲಿ ಒಬ್ಬನಿಗೆ ಒಂದು ತಂಬಿಗೆ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪದೆಂದು ಕರ್ತನು ಹೇಳಿದ್ದಾನೆ. ಅಂದು ನಾವು ನೀರು ಕೊಡಲಿಲ್ಲ. ನೀರು ಕೇಳಿದವಳ ಬಾಯನ್ನು ಮುಚ್ಚಿಸಿದೆವು. ಆ ನಗೆಯನ್ನು ನೆನೆದರೆ ಇಂದಿಗೂ ಮನಸ್ಸು ಕುಗ್ಗುತ್ತದೆ. ಯಾರ ಮಾತನ್ನು ನಾವು ತುಚ್ಛವೆಂದು ನಗುತ್ತೇವೋ ಅವರನ್ನೇ ತುಚ್ಛವೆಂದು ನಕ್ಕಂತಾಗುತ್ತದೆ. ಇದು ಮೂರನೆಯ ಪಾಠ. ನಮ್ಮ ಮಟ್ಟಿಗೆ ಇದೇ ದೊಡ್ಡದು.

ಪ್ರಿಯ ಸಹೋದರಿಯರೇ, ಅಡಿಕೆಯ ಕೊಯ್ಲು ಮುಗಿದ ಮೇಲೆ ನಮ್ಮ ಮನೆಗಳ ಹೆಂಗಸರು ಅಂಗಳದಲ್ಲಿ ಕುಳಿತು ಚಾಲಿ, ರಾಶಿ, ಬೆಟ್ಟೆ, ಕೋಕ ಎಂದು ಒಂದೊಂದನ್ನು ಕೈಯಲ್ಲಿ ಹಿಡಿದು ನೋಡಿ ಬೇರೆ ಬೇರೆ ಮಾಡುವುದನ್ನು ನೀವು ಕಂಡಿದ್ದೀರಿ. ನಿಮ್ಮಲ್ಲಿ ಅನೇಕರು ಮಾಡಿಯೂ ಇದ್ದೀರಿ. ಸೊಂಟ ನೋಯುವ, ಹೆಸರು ಬಾರದ ಕೆಲಸವದು. ಕಿಟ್ಟೆಲರ ಕೆಲಸವೂ ಹೆಚ್ಚು ಕಡಿಮೆ ಅಂಥದ್ದೇ. ನಿಮ್ಮಲ್ಲಿ ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ಆಗಿರುವಿರಿ. ಹಲವರು ಮನೆಯ ಒಲೆಯ ಮುಂದೆ ದಿನ ಕಳೆಯುತ್ತಿರುವಿರಿ. ಕೈಗೆ ಬಂದ ಕೆಲಸವು ಚಿಕ್ಕದೆಂದು ಬೇಸರಪಡಬೇಡಿರಿ. ತಂದೆತಾಯಿಗಳೇ, ನಿಮ್ಮ ಮಕ್ಕಳು ಶಾಲೆಯಲ್ಲಿ ಎಷ್ಟು ಭಾಷೆಗಳನ್ನು ಕಲಿತರೂ ಅಜ್ಜಿಯ ಮಾತನ್ನು ಕೇಳಿ ನಾಚದಂತೆ ಅವರನ್ನು ಬೆಳೆಸಿರಿ.

ದೀಪವು ನಮ್ಮೆಲ್ಲರ ಮನೆಯಲ್ಲಿಯೂ ಇದೆ, ಪೊರಕೆಯೂ ಇದೆ. ಮೂಲೆಯಲ್ಲಿ ಬಿದ್ದಿರುವ ನಾಣ್ಯವನ್ನು ಹುಡುಕುವ ಮನಸ್ಸನ್ನು ದೇವರು ನಮಗೆ ದಯಪಾಲಿಸಲಿ.